ಗೋಬರ್ ಗ್ಯಾಸಿನ ‘ಡೈಜೆಸ್ಟರ್’, ‘ಸ್ಲರಿ’: ಫಲಕಕ್ಕೆ ಪದ ಬೇಕು

ಎಸ್.ಕೆ.:
ನಮಸ್ಕಾರ. ಒಂದು ವಿದ್ಯಾರ್ಥಿನಿಲಯದ ಹಿತ್ತಲಲ್ಲಿ 2 ಘನ ಮೀಟರಿನ ದೀನಬಂಧು ಮಾದರಿ (ನೆಲದೊಳಗೆ ಕಟ್ಟಿದ ಗುಮ್ಮಟದ್ದು) ಗೋಬರ್ ಗ್ಯಾಸ್ ಇದೆ. ನಾಲ್ಕು ಫಲಕ ಬರೆಸಬೇಕು, ಪೇಂಟರ್ ನಾಳೆ ಸಂಜೆ ಬರುತ್ತಾರೆ. ಸಗಣಿ ಕಲಸುವ ತೊಟ್ಟಿ, ಡೈಜೆಸ್ಟರ್ (ಸಗಣಿ ಕೊಳೆತು ಗ್ಯಾಸ್ ಬರುವ ಮುಚ್ಚಿದ ತೊಟ್ಟಿ), ಪೈಪಿನ ನೀರು ತೆಗೆಯುವ ನಲ್ಲಿ, ಸ್ಲರಿ (ಗ್ಯಾಸ್ ಬಿಟ್ಟು ಉಳಿದ ಸಗಣಿ ನೀರು) ಹೊರಬರುವ ಗುಂಡಿ. ಕೈಪಿಡಿಯಲ್ಲಿ ಡೈಜೆಸ್ಟರಿಗೆ ‘ಜೀರ್ಣಕ’, ಸ್ಲರಿಗೆ ‘ದ್ರಾವಣ’ ಎಂದಿದೆ. ಅಡುಗೆಯವರಿಗೆ ಓದಿದ ಕೂಡಲೇ ತಿಳಿಯಬೇಕು.

ಜಿ.ಎಂ.:
‘ದ್ರಾವಣ’ ಸುತರಾಂ ಬೇಡ. ಉಪ್ಪು ನೀರಲ್ಲಿ ಕರಗಿದರೆ ದ್ರಾವಣ. ಸಗಣಿ ಕರಗುವುದಿಲ್ಲ, ಕದಡಿಕೊಂಡಿರುತ್ತದೆ, ಬಿಟ್ಟರೆ ತಳಕ್ಕೆ ಕೂರುತ್ತದೆ. ಅದಕ್ಕೆ ಕನ್ನಡದಲ್ಲಿ ‘ಬಗ್ಗಡ’ ಇದೆ. ಮಳೆಗಾಲದ ಹೊಳೆನೀರಿಗೆ ಹೇಳುವ ಮಾತೇ. ಕೃಷಿ ಬರಹಗಳಲ್ಲೂ ಬಳಕೆಯಲ್ಲಿದೆ.

ಬಿ.ಎಚ್., ಧಾರವಾಡ:
ನಮ್ಮ ಕಡೆ ಬಗ್ಗಡ ಅಂದ್ರ ಅರ್ಧ ಮಂದಿಗೆ ತಿಳಿಯಂಗಿಲ್ಲ. ‘ರಾಡಿ’ ಅನ್ರಿ.

ಆರ್.ಪಿ.:
ರಾಡಿ ಮರಾಠಿಯ ‘ರಾಡ’. ಕೆಸರಿಗೂ ಹೊರಗಿನ ಪದವೇ? ‘ಬಗ್ಗಡ’ ಸರಿ. ‘ಜೀರ್ಣಕ’ವನ್ನೂ ಕೈಬಿಡಿ, ಜೀರ್ಣ ಅಂದರೆ ಹಳತಾಗಿ ಕುಸಿದದ್ದು ಎಂಬ ಅರ್ಥವೇ ಮೊದಲು ಬರುತ್ತದೆ, ಜೀರ್ಣೋದ್ಧಾರ ಅನ್ನುವುದಿಲ್ಲವೇ? ಉಂಡದ್ದು ಅರಗುತ್ತದೆ, ಹಾಗಾಗಿ ‘ಅರಗುತೊಟ್ಟಿ’. ‘ಸೆಗಣಿ’ಯಂಥ ಅಚ್ಚಗನ್ನಡ ಪದದ ಪಕ್ಕ ಅದು ಚೆನ್ನಾಗಿ ಕೂರುತ್ತದೆ.

ವಿ.ಎನ್.:
ಸೆಗಣಿ ಸಂಸ್ಕೃತದ ‘ಛಗಣ’ದ ತದ್ಭವ. ‘ಅಚ್ಚಗನ್ನಡ’ ಅನ್ನುವ ಮುಂಚೆ ನಿಘಂಟು ತೆರೆಯಿರಿ. ಇನ್ನು ‘ಅರಗು’ ಅಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು ಪಾಂಡವರ ಅರಗಿನ ಮನೆ. ಗ್ಯಾಸ್ ತುಂಬಿದ ತೊಟ್ಟಿಯ ಮೇಲೆ ಅದನ್ನು ಬರೆಸುತ್ತೀರಾ?

ಟಿ.ಎಸ್.:
ಒಳಗೆ ನಡೆಯುವುದು ಹುದುಗು ಬರುವ ಕೆಲಸ. ‘ಹುಳಿತೊಟ್ಟಿ’ ಅಂದರೆ ದೋಸೆ ಹಿಟ್ಟು ಗೊತ್ತಿದ್ದವರಿಗೆಲ್ಲ ತಿಳಿಯುತ್ತದೆ.

ಜಿ.ಎಂ.:
ಒಪ್ಪಲಾರೆ. ತೊಟ್ಟಿ ಹುಳಿಯಾದರೆ ಗ್ಯಾಸೇ ನಿಲ್ಲುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ, ಆ ಆಮ್ಲವನ್ನು ತಿಂದು ಮೀಥೇನ್ ಬಿಡುವ ಜೀವಿಗಳು ಬೇರೆ. ಎರಡನೆಯವು ನಿಧಾನ. ಅನ್ನ, ತಿಂಡಿಯ ಉಳಿಕೆಯನ್ನು ಒಂದೇ ದಿನ ಬುಟ್ಟಿಗಟ್ಟಲೆ ಸುರಿದರೆ ಆಮ್ಲ ಮೇಲುಗೈ ಆಗಿ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 6.5ಕ್ಕಿಂತ ಕೆಳಗಿಳಿಯುತ್ತದೆ. ಮೀಥೇನ್ ಕಡಿಮೆಯಾಗಿ ಒಲೆ ಹೊತ್ತುವುದಿಲ್ಲ. ಆಗ ಅಡುಗೆಮನೆ ಕಸ ನಿಲ್ಲಿಸಿ, ಪಿಎಚ್ 7ರ ಹತ್ತಿರ ಬರುವವರೆಗೆ ಸ್ವಲ್ಪ ಸ್ವಲ್ಪ ತಾಜಾ ಸಗಣಿ ನೀರು ಮಾತ್ರ ಹಾಕಬೇಕು. ಕಾಯಿಲೆಯ ಹೆಸರನ್ನು ಅಂಗಕ್ಕೆ ಇಡಬೇಡಿ.

ರೈತರು ‘ಗ್ಯಾಸ್ ಗುಂಡಿ’ ಅನ್ನುತ್ತಾರೆ. ಅಷ್ಟು ಸಾಕು.

ಆರ್.ಪಿ.:
‘ಗ್ಯಾಸ್’ ಯಾವ ಕನ್ನಡ?

ವಿ.ಎನ್.:
ಯಾವ ಇಂಗ್ಲಿಷ್ ಅಂತಲೂ ಕೇಳಿ. 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ರಸಾಯನಶಾಸ್ತ್ರಜ್ಞ ಗ್ರೀಕಿನ ‘ಖಾವೋಸ್’ (ಕೇಯಾಸ್) ಕೇಳಿಕೊಂಡು ಕಟ್ಟಿದ ಪದ. ಎಲ್ಲ ಭಾಷೆಗೂ ಅದು ಎರವಲೇ. ನಿಮ್ಮ ‘ಅನಿಲ’ ಸಂಸ್ಕೃತದಲ್ಲಿ ಬರೀ ಗಾಳಿ. ಎರವಲು ಬೇಡವೆಂದು ಹಠ ಹಿಡಿದರೆ ಗೊಬ್ಬರವನ್ನೂ ಬಿಡಬೇಕಾದೀತು, ‘ಗೋಬರ್’ಗೂ ಅದಕ್ಕೂ ನೆಂಟಸ್ತಿಕೆ ಇದೆ.

ಆರ್.ಪಿ.:
ನೆಂಟಸ್ತಿಕೆ ಇದ್ದರೂ ಗೊಬ್ಬರ ಮನೆಯ ಪದವಾಗಿ ಎಷ್ಟೋ ಕಾಲವಾಯಿತು. ನಿನ್ನೆ ಬಂದ ‘ಸ್ಲರಿ’ಗೂ ಅದಕ್ಕೂ ವ್ಯತ್ಯಾಸ ಕಾಣದವರೊಂದಿಗೆ ವಾದವಿಲ್ಲ.

ಎಸ್.ಕೆ.:
ದಯವಿಟ್ಟು ಫಲಕಕ್ಕೆ ಬನ್ನಿ. ಬಗ್ಗಡ, ಗ್ಯಾಸ್ ಗುಂಡಿ ಒಪ್ಪಿಕೊಂಡೆ. ಉಳಿದೆರಡು?

ಜಿ.ಎಂ.:
ಮೊದಲನೆಯದಕ್ಕೆ ‘ಕಲಸುವ’ ಬೇಡ, ‘ಕದಡುವ ತೊಟ್ಟಿ’ ಅನ್ನಿ. ಕಲಸುವುದು ಹಿಟ್ಟನ್ನು, ಮಣ್ಣನ್ನು. ಕಲಸಿ ಅಂದರೆ ನೀರು ಕಡಿಮೆ ಹಾಕುತ್ತಾರೆ, ಗಟ್ಟಿಯಾದದ್ದು ಒಳಗೆ ಇಳಿಯದೆ ಪೈಪಿನಲ್ಲೇ ಕೂರುತ್ತದೆ. ಅಳತೆಯನ್ನೂ ಬರೆಸಿ: ‘ದಿನಕ್ಕೆ ಸಗಣಿ 50 ಕೆಜಿ, ನೀರು 50 ಲೀಟರ್. ಹುಲ್ಲು, ನಾರು ಆರಿಸಿ ತೆಗೆಯಿರಿ’. ಹುಲ್ಲು ಹೋದರೆ ಗುಂಡಿಯೊಳಗೆ ಮೇಲೆ ತೇಲಿ ಹೆಪ್ಪುಗಟ್ಟುತ್ತದೆ, ಗ್ಯಾಸು ಅದರಡಿ ಸಿಕ್ಕಿಕೊಳ್ಳುತ್ತದೆ. ಇದರಲ್ಲಿ ಕೆವಿಐಸಿ ಮಾದರಿಯ (ಖಾದಿ ಆಯೋಗದ, ತೇಲುವ ಡ್ರಮ್ಮಿನದು) ಹಾಗೆ ತಿರುಗಿಸಿ ಹೆಪ್ಪು ಒಡೆಯಲು ಡ್ರಮ್ ಇಲ್ಲ. ಫಿನಾಯಿಲು, ಸೋಪಿನ ನೀರು ಬೇಡವೆಂದೂ ಒಂದು ಸಾಲಿರಲಿ.

ನಲ್ಲಿಗೆ ‘ಪೈಪಿನ ನೀರು ಇಳಿಸುವ ನಲ್ಲಿ’. ಗ್ಯಾಸಿನ ಆವಿ ತಣಿದು ಪೈಪಿನ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಒಲೆಯ ಉರಿ ಎಗರಾಡಿದರೆ ಅದೇ ಗುರುತು.

ಟಿ.ಎಸ್.:
ಬಗ್ಗಡದ ಗುಂಡಿಗೆ ಹೆಸರಷ್ಟೇ ಸಾಲದು. ಮೇಲ್ಪದರ ಒಣಗಿ ಬಿರುಕು ಬಿಟ್ಟರೆ ನೆಲದ ಹಾಗೇ ಕಾಣುತ್ತದೆ, ಹುಡುಗರು ಕಾಲಿಡುತ್ತಾರೆ. ‘ಬಗ್ಗಡದ ಗುಂಡಿ. ಆಳವಿದೆ, ಹತ್ತಬೇಡಿ’ ಎಂದು ಕೆಂಪಕ್ಷರದಲ್ಲಿ ಬರೆಸಿ, ಮೇಲೆ ಚಪ್ಪಡಿಯನ್ನೂ ಮುಚ್ಚಿಸಿ.

ಬಿ.ಎಚ್., ಧಾರವಾಡ:
ಇದೊಂದು ಖರೇ. ಆದ್ರ ನಮ್ಮ ಕಡೆ ಬೋರ್ಡು ಹಾಕಿದ್ರ ರಾಡಿ ಅಂತನ ಬರಸ್ತೀವಿ.