ನೂರೇ ಕಾರು ಬಂದಾಗ ಶೋರೂಮ್ ಕೇಳುವ ‘ಮೇಲಿನ ಹಣ’ ಕೊಡಬೇಕೇ?

ಪ್ರಶ್ನೆ (ಪೆರ್ಲದ ಸದಸ್ಯರು, ಈಗ ಅಬುಧಾಬಿಯಲ್ಲಿ):

ಅಣ್ಣಾ, ನಮಸ್ಕಾರ. ಹದಿನಾಲ್ಕು ವರ್ಷಗಳಿಂದ ಇಲ್ಲಿದ್ದೇನೆ, ಮುಂದಿನ ವರ್ಷ ಊರಿಗೆ ಮರಳುತ್ತೇನೆ. ಒಂದೇ ಒಂದು ವೇಗದ ಕಾರು ನಮ್ಮ ತೋಟದ ಮನೆಯ ಅಂಗಳದಲ್ಲಿ ನಿಲ್ಲಬೇಕು ಎಂಬುದು ಶಾಲೆಗೆ ಹೋಗುವಾಗಿನಿಂದ ಇರುವ ಆಸೆ. ಈಗ ಮನಸ್ಸಿಗೆ ಬಂದಿರುವುದು ವಿದೇಶದಿಂದ ಪೂರ್ತಿ ತಯಾರಾಗಿ ಬರುವ ಕಾರು. ಇಡೀ ದೇಶಕ್ಕೆ ಇನ್ನೂರಕ್ಕಿಂತ ಕಡಿಮೆ ಬರುತ್ತದೆಯಂತೆ. ಕಂಪನಿಯ ಹೆಸರು ಇಲ್ಲಿ ಬೇಡ. ಶೋರೂಮ್‌ನವರು ಹೇಳುವುದು ಹೀಗೆ: ನಮಗೆ ಸಿಗುವುದು ಎರಡು, ಒಂದು ಆಗಲೇ ಹೋಯಿತು, ಇನ್ನೊಂದು ಬೇಕಿದ್ದರೆ ಎಕ್ಸ್‌ಶೋರೂಮ್ ಬೆಲೆಯ (ರಸ್ತೆ ತೆರಿಗೆ, ವಿಮೆ ಸೇರದ ಬೆಲೆಯ) ಮೇಲೆ 4 ಲಕ್ಷ ಕೊಡಬೇಕು, ಅದೂ ನಗದಾಗಿ. ಇಲ್ಲವಾದರೆ ಅವರ ಅಂಗಳದಲ್ಲಿ ತಿಂಗಳುಗಳಿಂದ ನಿಂತಿರುವ ಒಂದು ಎಸ್‌ಯುವಿಯನ್ನು ಈಗ ಕೊಂಡುಕೊಳ್ಳಬೇಕು, ಆಮೇಲೆ ಈ ಕಾರು ನನಗೇ. ಭಾವ ಹೇಳುತ್ತಾರೆ, ‘ಇಷ್ಟು ಕೊಡುವವನಿಗೆ ಇನ್ನು ನಾಲ್ಕು ಲಕ್ಷ ಯಾವ ಲೆಕ್ಕ, ಕೊಟ್ಟುಬಿಡು’ ಎಂದು. ಕೊಡಲೇ, ಬೇಡವೇ? ಈ ಎರಡು ಕಾರಿನ ಲೆಕ್ಕವಾದರೂ ನಿಜವೇ?

ಉತ್ತರ:

ಪೆರ್ಲದ ತಮ್ಮನಿಗೆ ನಮಸ್ಕಾರ. ಹದಿನೇಳು ವರ್ಷ ಮಂಗಳೂರಿನಲ್ಲೂ ಕೊಚ್ಚಿಯಲ್ಲೂ ಕಾರು ಮಾರಾಟದ ಮೇಜಿನ ಆಚೆ ಬದಿಯಲ್ಲಿ ಕುಳಿತವನು ನಾನು. ಕೊಡಬೇಡಿ. ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಭಾವನವರ ಮಾತನ್ನು ನಾನು ನೂರು ಮನೆಗಳಲ್ಲಿ ಕೇಳಿದ್ದೇನೆ.

ಮೊದಲು ಎರಡು ಕಾರಿನ ಮಾತು. ಅದು ನಿಜವಿರಬಹುದು. 2018ರಿಂದ ಒಂದು ಕಂಪನಿ ವರ್ಷಕ್ಕೆ 2,500 ವಾಹನಗಳವರೆಗೆ ಇಲ್ಲಿನ ನಿಯಮಗಳಿಗೆ ಹೊಂದುತ್ತದೆಯೇ ಎಂದು ನೋಡುವ ಪೂರ್ತಿ ಮಾನ್ಯತಾ ಪರೀಕ್ಷೆ ಮಾಡಿಸದೆ ತರಲು ಅವಕಾಶವಿದೆ. ಹಾಗಾಗಿ ಮೊದಲು ಇಲ್ಲಿಗೆ ಬರುವ ಯೋಚನೆಯೇ ಇಲ್ಲದ ಕಾರುಗಳು ಈಗ ಸಣ್ಣ ಸಣ್ಣ ಕಂತುಗಳಲ್ಲಿ ಬರುತ್ತಿವೆ. 2025ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಮೊದಲ ಕಂತಿನಲ್ಲಿ 150 ಬಂತು, ಬೆಲೆ ಸುಮಾರು 53 ಲಕ್ಷ. ಅದೇ ವರ್ಷ ಅಕ್ಟೋಬರ್‌ನಲ್ಲಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಬಂದದ್ದು 100 ಮಾತ್ರ, 49.99 ಲಕ್ಷಕ್ಕೆ. ನೂರು ಕಾರನ್ನು ದೇಶದ ಶೋರೂಮ್‌ಗಳಿಗೆ ಹಂಚಿ ನೋಡಿ. ಒಂದು ಊರಿಗೆ ಒಂದು ಬಂದರೆ ಪುಣ್ಯ.

ಹಂಚಿಕೆ ಹೇಗೆ ನಡೆಯುತ್ತದೆ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಸಾಮಾನ್ಯವಾಗಿ ಹಿಂದಿನ ವರ್ಷ ಹೆಚ್ಚು ಮಾರಿದವನಿಗೆ ಹೆಚ್ಚು ಪಾಲು. ಅಮೆರಿಕದ ಡೀಲರುಗಳು ಇದನ್ನು ‘ಮಾರು, ಗಳಿಸು’ ಎಂಬ ಅರ್ಥದ ಮಾತಿನಲ್ಲೇ ಕರೆಯುತ್ತಾರೆ. ಆದ್ದರಿಂದ ಶೋರೂಮ್‌ನ ಯಜಮಾನನಿಗೆ ಆ ಒಂದು ಕಾರು ಸರಕಲ್ಲ, ಕೈಯಲ್ಲಿರುವ ದೊಡ್ಡ ಅಸ್ತ್ರ. ಅದನ್ನು ತೋರಿಸಿ ಹೋಗದೆ ಉಳಿದ ಎಸ್‌ಯುವಿಯನ್ನು ಸಾಗಿಸಬಹುದು, ಹಳೆಯ ಗಿರಾಕಿಯನ್ನು ಉಳಿಸಿಕೊಳ್ಳಬಹುದು, ಅಥವಾ ನಿಮ್ಮಿಂದ 4 ಲಕ್ಷ ಪಡೆಯಬಹುದು. ಹಳೆಯ ಗಿರಾಕಿಗೆ ಆದ್ಯತೆ ಕೊಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಫೆರಾರಿ ತನ್ನ ವಿಶೇಷ ಕಾರುಗಳನ್ನು ಕೊಡುವುದೇ ಹಾಗೆ. 499 ಲಾಫೆರಾರಿಗಳು ಹೋದದ್ದು ಕಂಪನಿಯೇ ಆರಿಸಿದ ಗಿರಾಕಿಗಳಿಗೆ. ಆದರೆ ‘ಅದನ್ನು ಕೊಂಡರೆ ಮಾತ್ರ ಇದನ್ನು ಕೊಡುತ್ತೇನೆ’ ಎನ್ನುವುದು ಬೇರೆ ಮಾತು. ಒಂದು ವಸ್ತು ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎಂಬ ಷರತ್ತನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಬಂಧಕ ವ್ಯಾಪಾರ ಪದ್ಧತಿ ಎಂದೇ ಹೆಸರಿಸಿದೆ.

ಇನ್ನು ಆ 4 ಲಕ್ಷ. ಅದು ಬಿಲ್ಲಿನಲ್ಲಿ ಬರುತ್ತದೆಯೇ ಎಂದು ಕೇಳಿ. ಬರುವುದಿಲ್ಲ, ಅದಕ್ಕೇ ನಗದು ಕೇಳಿದ್ದು. ಒಂದು ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರಿಂದ ನಿಷೇಧಿಸಿದೆ. ಪಡೆದವನಿಗೆ ಅಷ್ಟೇ ಮೊತ್ತದ ದಂಡ. ಪಡೆಯುವವನೇ ಇಷ್ಟು ಅಪಾಯಕ್ಕೆ ಇಳಿಯುವಾಗ ರಶೀದಿ ಕೊಡುತ್ತಾನೆಯೇ?

ರಶೀದಿ ಇಲ್ಲದ ಹಣ ನಿಮ್ಮ ಕೈಬಿಟ್ಟ ಕ್ಷಣದಲ್ಲೇ ಸತ್ತಂತೆ. ವಿಮೆಯನ್ನೇ ನೋಡಿ. ಕಾರು ಪೂರ್ತಿ ಹೋದರೆ ಸಿಗುವ ಮೊತ್ತವಾಗಿ ಪಾಲಿಸಿಯಲ್ಲಿ ಐಡಿವಿ ಎಂದು ಬರೆಯುವ ಮೌಲ್ಯಕ್ಕೆ ಆಧಾರ ಕಂಪನಿ ಪ್ರಕಟಿಸಿದ ಬೆಲೆ, ನೀವು ಕೊಟ್ಟ ಬೆಲೆಯಲ್ಲ. ಹೊಸ ಕಾರಿಗೆ ಅದರಲ್ಲಿ 5 ಶೇಕಡಾ ಕಳೆಯುತ್ತಾರೆ. 50 ಲಕ್ಷದ ಕಾರಿಗೆ ನೀವು 54 ಕೊಟ್ಟರೂ ಐಡಿವಿ 47.5 ಲಕ್ಷವೇ. ಬಿಲ್ಲಿನ ಪೂರ್ತಿ ಮೊತ್ತ ಕೊಡುವ ‘ರಿಟರ್ನ್ ಟು ಇನ್‌ವಾಯ್ಸ್’ ಎಂಬ ಹೆಚ್ಚುವರಿ ರಕ್ಷಣೆ ಇದೆ, ಇಂಥ ಕಾರಿಗೆ ಅದನ್ನು ತಪ್ಪದೆ ತೆಗೆದುಕೊಳ್ಳಿ. ಅದು ಕೊಡುವುದೂ ಬಿಲ್ಲಿನ ಮೊತ್ತವನ್ನೇ. ಬ್ಯಾಂಕ್ ಸಾಲ ಕೊಡುವುದೂ ಬಿಲ್ಲನ್ನು ನೋಡಿಯೇ.

ಮುಳ್ಳೇರಿಯ ಕಡೆಯ ನಿವೃತ್ತ ಮಾಸ್ಟ್ರೊಬ್ಬರು ಒಮ್ಮೆ ನನ್ನನ್ನು ಹುಡುಕಿಕೊಂಡು ಬಂದಿದ್ದರು. ಬೇಡಿಕೆ ಹೆಚ್ಚಿದ್ದ ಒಂದು ಕಾರಿಗೆ ಬೇರೆ ಕಡೆ 1.75 ಲಕ್ಷ ಮೇಲೆ ಕೊಟ್ಟಿದ್ದರು. ಮೊದಲ ಮಳೆಗಾಲದಲ್ಲೇ ಪಯಸ್ವಿನಿ ಉಕ್ಕಿ, ತಗ್ಗಿನಲ್ಲಿ ನಿಲ್ಲಿಸಿದ್ದ ಕಾರು ಸ್ಟಿಯರಿಂಗ್‌ವರೆಗೆ ಮುಳುಗಿತು. ದುರಸ್ತಿಯ ಖರ್ಚು ಐಡಿವಿಯ 75 ಶೇಕಡಾ ದಾಟಿದ್ದರಿಂದ ಪೂರ್ಣ ನಷ್ಟವೆಂದು ತೀರ್ಮಾನವಾಯಿತು. ವಿಮೆಯವರು ತಮ್ಮ ಲೆಕ್ಕದ ಪ್ರಕಾರ ಸರಿಯಾಗಿಯೇ ಕೊಟ್ಟರು. ಮಾಸ್ಟ್ರು ಬಿಳಿ ಅಂಗಿಯ ಜೇಬಿನಿಂದ ಒಂದು ವಿಸಿಟಿಂಗ್ ಕಾರ್ಡ್ ತೆಗೆದು ನನ್ನ ಮೇಜಿನ ಮೇಲಿಟ್ಟರು. ಹಿಂಬದಿಯಲ್ಲಿ ನೀಲಿ ಪೆನ್ನಿನಿಂದ 1.75 ಎಂದು ಬರೆದು ಕೆಳಗೊಂದು ಗೆರೆ ಎಳೆದಿತ್ತು. ಸಹಿ ಇಲ್ಲ, ತಾರೀಕಿಲ್ಲ. ಅವರ ಬಳಿ ಇದ್ದ ದಾಖಲೆ ಅಷ್ಟೇ. ‘ಇದಕ್ಕೆ ಏನಾದರೂ ಬೆಲೆ ಇದೆಯೇ?’ ಎಂದು ಕೇಳಿದರು. ನನಗೆ ಉತ್ತರಿಸಲು ಆಗಲಿಲ್ಲ. ಅಂದಿನಿಂದ ಈ ವಿಷಯದಲ್ಲಿ ನಾನು ಯಾರಿಗೂ ನಯವಾಗಿ ಹೇಳಿಲ್ಲ.

ಮುಳ್ಳೇರಿಯದ ಸದಸ್ಯರು:

ಅಣ್ಣ ಹೇಳಿದ್ದು ಸರಿ, ಆದರೂ ಒಂದು ಪ್ರಶ್ನೆ. ಅಡಿಕೆಗೆ ಧಾರಣೆ ಏರಿದಾಗ ನಾವು ಏರಿದ ಬೆಲೆಗೇ ಮಾರುತ್ತೇವೆ. ನೂರು ಕಾರಿಗೆ ಸಾವಿರ ಜನ ಇದ್ದರೆ ಶೋರೂಮ್‌ನವನು ಹೆಚ್ಚು ಕೇಳುವುದರಲ್ಲಿ ತಪ್ಪೇನು? ಅಮೆರಿಕದಲ್ಲಿ ರಾಜಾರೋಷವಾಗಿ ತೆಗೆದುಕೊಳ್ಳುತ್ತಾರಂತೆ.

ಉತ್ತರ:

ಒಳ್ಳೆಯ ಪ್ರಶ್ನೆ. ನೀವು ಅಡಿಕೆ ಕೊಟ್ಟಾಗ ತೂಕ ಎಷ್ಟು, ಧಾರಣೆ ಎಷ್ಟು ಎಂದು ಚೀಟಿ ಕೈಗೆ ಬರುತ್ತದೆ. ಅದೇ ಧಾರಣೆ ಬೆಳಿಗ್ಗೆ ಪತ್ರಿಕೆಯಲ್ಲೂ ಇರುತ್ತದೆ. ಇಲ್ಲಿ ಗೋಡೆಯ ಮೇಲೆ ಒಂದು ಬೆಲೆ, ಬಾಗಿಲು ಮುಚ್ಚಿದ ಮೇಲೆ ಇನ್ನೊಂದು ಬೆಲೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು.

ಅಮೆರಿಕದ ಮಾತು ನಿಜ. ಅಲ್ಲಿ ಡೀಲರು ಸ್ವತಂತ್ರ ವ್ಯಾಪಾರಿ, ಕಂಪನಿಯ ಬೆಲೆ ಬರೀ ಸೂಚನೆ. 1958ರ ಕಾನೂನಿನಂತೆ ಹೊಸ ಕಾರಿನ ಗಾಜಿಗೆ ಆ ಸೂಚಿತ ಬೆಲೆಯ ಚೀಟಿ ಅಂಟಿಸಲೇಬೇಕು. ಬೇಡಿಕೆ ಇದ್ದರೆ ಡೀಲರು ಅದರ ಪಕ್ಕದಲ್ಲೇ ‘ಮಾರುಕಟ್ಟೆ ಹೊಂದಾಣಿಕೆ’ ಎಂದು ತನ್ನದೊಂದು ಚೀಟಿ ಅಂಟಿಸುತ್ತಾನೆ. ಹಗಲುದರೋಡೆ ಎನ್ನುವವರು ಅಲ್ಲೂ ಇದ್ದಾರೆ, ಆದರೆ ಅದು ಕಣ್ಣಿಗೆ ಕಾಣುತ್ತದೆ, ಬಿಲ್ಲಿನಲ್ಲೂ ಬರುತ್ತದೆ.

ಕೊಂಡವನು ಮರುದಿನವೇ ಎರಡರಷ್ಟಕ್ಕೆ ಮಾರುವುದನ್ನು ತಡೆಯಲು ಕಂಪನಿಗಳೂ ಹೆಣಗಿವೆ. ಫೋರ್ಡ್ ತನ್ನ ಜಿಟಿ ಕಾರಿಗೆ ಅರ್ಜಿ ಕರೆದು ಗಿರಾಕಿಗಳನ್ನು ಆರಿಸಿತು, ಎರಡು ವರ್ಷ ಮಾರುವಂತಿಲ್ಲ ಎಂದು ಬರೆಸಿಕೊಂಡಿತು. ಕೆಲವೇ ವಾರಗಳಲ್ಲಿ ಮಾರಿದ ಕುಸ್ತಿಪಟು ಜಾನ್ ಸೀನಾ ಮೇಲೆ 2017ರಲ್ಲಿ ಮೊಕದ್ದಮೆ ಹೂಡಿತು, ಮರುವರ್ಷ ರಾಜಿಯಾಯಿತು. ಪೋರ್ಷೆ 2023ರಲ್ಲಿ 911 ಎಸ್/ಟಿ ಎಂಬ ಕಾರನ್ನು ಇಡೀ ಜಗತ್ತಿಗೆ 1,963 ಮಾತ್ರ ಎಂದು ಘೋಷಿಸಿತು. 911 ಮೊದಲು ಕಾಣಿಸಿದ ವರ್ಷ 1963, ಅದರ ನೆನಪಿಗೆ. ಅಮೆರಿಕದಲ್ಲಿ ಅದನ್ನು ಮೊದಲ ವರ್ಷ ಗುತ್ತಿಗೆಯ ಮೇಲೆ ಮಾತ್ರ ಕೊಟ್ಟಿತು. ಆರ್‌ಸಿ ನಿಮ್ಮ ಹೆಸರಿಗೆ ಇಲ್ಲದಿದ್ದರೆ ಮಾರುವುದು ಹೇಗೆ?

ನಮ್ಮ ದೇಶದಲ್ಲಿ ನನಗೆ ಮೆಚ್ಚುಗೆಯಾದ ದಾರಿ ಮರ್ಸಿಡಿಸ್-ಬೆಂಜ್ 2021ರಲ್ಲಿ ತಂದದ್ದು. ಕಾರು ಕಂಪನಿಯದೇ, ಬಿಲ್ಲೂ ಕಂಪನಿಯದೇ, ದೇಶಕ್ಕೆಲ್ಲ ಒಂದೇ ಬೆಲೆ, ಡೀಲರಿಗೆ ಕಮಿಷನ್. ಎಲ್ಲರೂ ಹೀಗೆ ಮಾಡಿದರೆ ವಿಸಿಟಿಂಗ್ ಕಾರ್ಡಿನ ಹಿಂಬದಿಗೆ ಕೆಲಸವಿರುವುದಿಲ್ಲ.

ಅಂದಹಾಗೆ ಇದು ಹೊಸ ರೋಗವೂ ಅಲ್ಲ. ಬಜಾಜ್ ಸ್ಕೂಟರಿಗೆ ವರ್ಷಗಟ್ಟಲೆ ಕಾದ ಕಾಲ ನಮ್ಮ ಹಿರಿಯರಿಗೆ ನೆನಪಿದೆ. ಗಲ್ಫಿನಿಂದ ವಿದೇಶಿ ಹಣ ಕಳುಹಿಸಿದವರಿಗೆ ಸರದಿ ಇಲ್ಲದೆ ಸಿಗುತ್ತಿತ್ತು, ಅದಕ್ಕಾಗಿ ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಅಣ್ಣಂದಿರಿಗೆ ಕಾಗದ ಬರೆದದ್ದುಂಟು.

ಕುಂಬಳೆಯ ಸದಸ್ಯೆ (ವಕೀಲರು):

ಅಣ್ಣ, ಒಂದು ಮಾತು ಸೇರಿಸುತ್ತೇನೆ. ದೂರು ಕೊಡಲು ಶೋರೂಮ್ ಇರುವ ಊರಿಗೆ ಹೋಗಬೇಕಾಗಿಲ್ಲ. ದೂರುದಾರರು ವಾಸಿಸುವ ಅಥವಾ ಕೆಲಸ ಮಾಡುವ ಊರಿನಲ್ಲೇ ಕೊಡಬಹುದು, ಎಂದರೆ ಪೆರ್ಲದವರು ಕಾಸರಗೋಡಿನಲ್ಲಿ. ಪಾವತಿಸಿದ ಮೊತ್ತ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಗ್ರಾಹಕ ಆಯೋಗ, ಅದರ ಮೇಲೆ 2 ಕೋಟಿಯವರೆಗೆ ರಾಜ್ಯ ಆಯೋಗ. ಬುಕಿಂಗ್ ಹಣ ಮಾತ್ರ ಕೊಟ್ಟು ಅದನ್ನು ಮರಳಿಸದ ಜಗಳವಾದರೆ ಕಾರಿನ ಬೆಲೆ ಎಷ್ಟೇ ಇರಲಿ, ಲೆಕ್ಕಕ್ಕೆ ಬರುವುದು ಕೊಟ್ಟ ಹಣ. ಎರಡು ವರ್ಷದೊಳಗೆ ದೂರು ಕೊಡಬೇಕು. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದಾಖಲಿಸಿ, ಅಲ್ಲೇ ಬಗೆಹರಿಯುವುದೂ ಇದೆ. ಆದರೆ ಮಾಸ್ಟ್ರ ಕಾರ್ಡನ್ನು ಹಿಡಿದುಕೊಂಡು ಬಂದರೆ ನನಗೂ ಕಷ್ಟ. ಕೇಳಿದ್ದನ್ನು ಅವರಿಂದಲೇ ಬರಹದಲ್ಲಿ ಪಡೆಯಿರಿ. ಮಾತಿನಲ್ಲಿ ಹೇಳಿದರೆ, ‘ನೀವು ಹೀಗೆ ಹೇಳಿದಿರಿ, ಸರಿಯೇ?’ ಎಂದು ನೀವೇ ಇಮೇಲ್ ಕಳುಹಿಸಿ.

ಉಪ್ಪಳದ ಸದಸ್ಯರು:

ಸಾರ್, ನನ್ನ ಕೊಟೇಶನ್‌ನಲ್ಲಿ ಟಿಸಿಎಸ್ ಎಂದು ಹಣ ಹಾಕಿದ್ದಾರೆ, ಅದೂ ಮೇಲಿನ ಹಣವೇ? ತೆರಿಗೆ ಉಳಿಸಲು ಪುದುಚೇರಿಗೆ ಸೇರಿದ ಮಾಹೆಯಲ್ಲಿ ನೋಂದಣಿ ಮಾಡಿಸು ಎಂದು ಒಬ್ಬರು ಹೇಳುತ್ತಿದ್ದಾರೆ.

ಉತ್ತರ:

ಟಿಸಿಎಸ್ ಎಂದರೆ ಮಾರುವವನೇ ಮುಂಚಿತವಾಗಿ ಪಡೆಯುವ ಆದಾಯ ತೆರಿಗೆ, ಅದು ನ್ಯಾಯವಾದದ್ದು. 10 ಲಕ್ಷ ಮೀರಿದ ಕಾರಿಗೆ 1 ಶೇಕಡಾ ಪಡೆದು ನಿಮ್ಮ ಪ್ಯಾನ್ ಹೆಸರಿಗೆ ಕಟ್ಟುತ್ತಾರೆ, ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು ಅಥವಾ ಮರಳಿ ಪಡೆಯಬಹುದು. ಅನಿವಾಸಿಗಳು ಇದನ್ನು ಮರೆತು ಬಿಟ್ಟುಬಿಡುತ್ತಾರೆ, ಬಿಡಬೇಡಿ. ಅನುಮಾನ ಪಡಬೇಕಾದದ್ದು ‘ಹ್ಯಾಂಡ್ಲಿಂಗ್’, ‘ಲಾಜಿಸ್ಟಿಕ್ಸ್’ ಎಂಬ ಸಾಲುಗಳ ಮೇಲೆ, ಕಡ್ಡಾಯವೆಂದು ತುರುಕುವ ಆಕ್ಸೆಸರಿಗಳ ಮೇಲೆ. ವಿಮೆಯನ್ನು ಅವರಲ್ಲೇ ಮಾಡಿಸಬೇಕೆಂಬ ಕಡ್ಡಾಯವೂ ಇಲ್ಲ.

ಮಾಹೆಯ ಮಾತು ಬೇಡ. ನಮ್ಮ ಕೇರಳದಲ್ಲಿ ಇಂಥ ಕಾರಿನ ರಸ್ತೆ ತೆರಿಗೆ ಬೆಲೆಯ ಐದನೇ ಒಂದು ಭಾಗಕ್ಕೂ ಹೆಚ್ಚು, ಹೊಟ್ಟೆ ಉರಿಯುವುದು ನನಗೂ ಅರ್ಥವಾಗುತ್ತದೆ. ಆದರೆ ಇಲ್ಲಿ ವಾಸವಿದ್ದು ಪುದುಚೇರಿಯ ಸುಳ್ಳು ವಿಳಾಸ ಕೊಟ್ಟವರ ಮೇಲೆ 2017ರಲ್ಲಿ ಕೇರಳದ ಕ್ರೈಂ ಬ್ರ್ಯಾಂಚ್ ಕೇಸು ಹಾಕಿದ್ದು ನೆನಪಿರಲಿ. ಕಾರು ಅಂಗಳದಲ್ಲಿರಬೇಕೇ ಹೊರತು ಠಾಣೆಯಲ್ಲಲ್ಲ.

ಪೆರ್ಲದ ಸದಸ್ಯರು:

ಅಣ್ಣಾ, ಅಕ್ಕಾ, ಇಬ್ಬರಿಗೂ ಕೃತಜ್ಞತೆ. ಭಾವನಿಗೆ ಈ ಉತ್ತರಗಳನ್ನು ಓದಿ ಹೇಳಿದೆ. ನಿನ್ನೆ ಅಕ್ಕ ಹೇಳಿದಂತೆಯೇ ಇಮೇಲ್ ಕಳುಹಿಸಿದೆ. ಇಂದು ಕರೆ ಬಂತು. 4 ಲಕ್ಷದ ಮಾತನ್ನು ಅವರು ಎತ್ತಲಿಲ್ಲ, ‘ಕಂಪನಿಯನ್ನು ಕೇಳಿ ತಿಳಿಸುತ್ತೇವೆ’ ಎಂದರು. ಅಷ್ಟರಲ್ಲಿ ಬೇರೆ ಊರಿನ ಶೋರೂಮ್ ಒಂದರಲ್ಲಿ ವಿಚಾರಿಸಿದೆ. ಕಾಯುವ ಪಟ್ಟಿಯಲ್ಲಿ ಮೂರನೆಯವನಾಗಿ ಸೇರಿಸುತ್ತೇವೆ, ಮೇಲೆ ಒಂದು ರೂಪಾಯಿಯೂ ಬೇಡ ಎಂದರು. ಇನ್ನೊಬ್ಬ ಗೆಳೆಯ ತನ್ನ ಬುಕಿಂಗನ್ನೇ ನನಗೆ ಬಿಟ್ಟುಕೊಡುತ್ತಾನಂತೆ, ಕಾರು ಅವನ ಹೆಸರಿಗೆ ಬಂದು ಆಮೇಲೆ ನನಗೆ. ಯಾವುದು ಮೇಲು?

ಉತ್ತರ:

ಮೂರನೆಯ ಸ್ಥಾನವೇ ಮೇಲು. ಗೆಳೆಯನ ದಾರಿಯಲ್ಲಿ ನೀವು ಎರಡನೆಯ ಮಾಲೀಕರಾಗುತ್ತೀರಿ. ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳು, ಬೇರೆ ರಾಜ್ಯದ ಕಾರಾದರೆ ನಿರಾಕ್ಷೇಪಣಾ ಪತ್ರ ಮತ್ತು ಇಲ್ಲಿನ ತೆರಿಗೆ, ಹದಿನಾಲ್ಕು ದಿನದೊಳಗೆ ವಿಮೆಯ ವರ್ಗಾವಣೆ, ಇಷ್ಟೆಲ್ಲ ಓಡಾಟವಿದೆ. ಕಂಪನಿ ಮರುಮಾರಾಟಕ್ಕೆ ಷರತ್ತು ಹಾಕಿದ್ದರೆ ಗೆಳೆತನಕ್ಕೂ ಪೆಟ್ಟು.

ಪಟ್ಟಿಯಲ್ಲಿ ಮೂರನೆಯವನೆಂದರೆ ಬಹಳ ಹಿಂದೆ ಎಂದುಕೊಳ್ಳಬೇಡಿ. ಬುಕಿಂಗ್ ದಿನ ಎಲ್ಲರಿಗೂ ಉತ್ಸಾಹ ಇರುತ್ತದೆ, ಪೂರ್ತಿ ಹಣ ಕಟ್ಟಿ ಎಂದು ಕರೆ ಹೋದ ದಿನ ಅರ್ಧದಷ್ಟು ಜನ ಮೌನವಾಗುವುದನ್ನು ನಾನು ನೋಡಿದ್ದೇನೆ. ಆ ದಿನಕ್ಕೆ ನೀವು ಸಿದ್ಧರಿರಬೇಕು. ಬುಕಿಂಗ್ ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. ಶೋರೂಮ್‌ನ ರಶೀದಿ ಪುಸ್ತಕದ ಸಂಖ್ಯೆ ಸಾಲದು, ಕಂಪನಿಯ ವ್ಯವಸ್ಥೆಯಲ್ಲಿ ಹುಟ್ಟಿದ ಆರ್ಡರ್ ಸಂಖ್ಯೆ ಕೇಳಿ. ಕೈಬಿಟ್ಟರೆ ಹಣ ಎಷ್ಟು ದಿನದಲ್ಲಿ ಮರಳುತ್ತದೆ ಎಂದು ಬರೆಸಿಕೊಳ್ಳಿ. ಬಣ್ಣ ಯಾವುದಾದರೂ ಆಗಬಹುದು ಎಂದು ಈಗಲೇ ತಿಳಿಸಿ. ಮೊದಲಿನಿಬ್ಬರು ಕೆಂಪಿಗಾಗಿ ಹಟ ಹಿಡಿದರೆ ಬಿಳಿ ಕಾರು ನೇರ ನಿಮ್ಮ ಬಳಿ ಬರುತ್ತದೆ. ಸಾಲ ಬೇಕಿದ್ದರೆ ಮಂಜೂರಾತಿ ಪತ್ರ ಮೊದಲೇ ಇರಲಿ. ಕೊನೆಯ ಕಂತು ಕಟ್ಟುವ ಮೊದಲು ಚಾಸಿ ಸಂಖ್ಯೆ, ತಯಾರಾದ ತಿಂಗಳು, ವರ್ಷ ಇವಿಷ್ಟನ್ನು ತರಿಸಿಕೊಳ್ಳಿ, ಸಾಧ್ಯವಾದರೆ ಭಾವನವರನ್ನೇ ಕಳುಹಿಸಿ ಕಾರಿನ ಮೇಲೆ ಕೊರೆದ ಸಂಖ್ಯೆಯೊಂದಿಗೆ ತಾಳೆ ನೋಡಿಸಿ. ಕೊಟೇಶನ್ ಬಂದ ಕೂಡಲೇ ಇಲ್ಲಿ ಹಾಕಿ, ಸಾಲು ಸಾಲಾಗಿ ನೋಡಿ ಹೇಳುತ್ತೇನೆ.