ನಂಜುಂಡನ ಕೊಳಕ್ಕೆ ಎಂಥಾ ಪೊರಕೆ?

"ಕೊಳ ಕಟ್ಟಿಸೋವಾಗ ನಮ್ಮನ್ನು ಕೇಳಿದ್ಯಾ? ಈಗ ಗುಡಿಸೋಕೆ ಮಾತ್ರ ನಾವು ಬೇಕಾ?" ಅಂತ ಮುನಿಯಪ್ಪ ಶುರು ಮಾಡಿದ.

ಕೋಲಾರದ ಡೂಂ ಲೈಟ್ ಸರ್ಕಲ್ ಹತ್ತಿರದ ಟೀ ಅಂಗಡಿ. ಮುನಿಯಪ್ಪನದು ಮೋಟರ್ ರಿವೈಂಡಿಂಗ್ ಕೆಲಸ. ಪಕ್ಕದಲ್ಲಿ ರಿಟೈರ್ ಆದ ಮೇಷ್ಟ್ರು. ಎದುರಿಗೆ ನಂಜುಂಡ. 2023ರ ಜುಲೈನಲ್ಲಿ ಇಲ್ಲಿನ ಮಂಡಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತಲ್ಲ, ಆಗ ಇವನ ಗಿಡದಲ್ಲಿ ಹಣ್ಣಿತ್ತು. ಬೇರೆಯವರು ಸೈಟು ತಗೊಂಡರು, ಟ್ರ್ಯಾಕ್ಟರ್ ತಗೊಂಡರು. ಇವನು ತೋಟದ ಮನೆ ಮುಂದೆ ಈಜುಕೊಳ ಕಟ್ಟಿಸಿದ. ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನೇ ಶುದ್ಧ ಮಾಡಿಸಿ, 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ) ಯೋಜನೆಯ ಪೈಪಲ್ಲಿ ತರಿಸಿಕೊಂಡು ಕೆರೆ ತುಂಬಿಸ್ಕೊಳ್ಳುವ ಜಿಲ್ಲೆ ನಮ್ಮದು. ಇಲ್ಲಿ ಈಜುಕೊಳ! ಧೈರ್ಯ ಮೆಚ್ಚಬೇಕು.

ಉದ್ದ 24 ಅಡಿ, ಅಗಲ 12, ಆಳ 4. ಮೇಷ್ಟ್ರು ಬೋಂಡಾ ಕಟ್ಟಿದ ಪೇಪರಿನ ಮೇಲೆ ಗುಣಿಸಿದರು. "ಹತ್ತಿರ ಹತ್ತಿರ 32,600 ಲೀಟರ್ ಕಣಯ್ಯ. 5,000 ಲೀಟರ್ ಟ್ಯಾಂಕರಲ್ಲಿ ಆರೂವರೆ ಲೋಡು."

"ಅದಕ್ಕೇ ಮೇಷ್ಟ್ರೇ, ನೀರು ಚೆಲ್ಲಿ ತೊಳೆಯೋ ಹಾಗಿಲ್ಲ. ತುಂಬಿರುವಾಗಲೇ ಗುಡಿಸೋ ಮೆಷಿನ್ ಬೇಕು. ಅಂಗಡಿಯವನು ಮೂರು ತರ ತೋರಿಸಿದ. ಮೂರೂ ಬೆಸ್ಟು ಅಂದ."

"ಏನೇನು ಕಸ ಬೀಳುತ್ತೆ, ಮೊದಲು ಅದು ಹೇಳು" ಅಂದ ಮುನಿಯಪ್ಪ.

ಹೊಂಗೆ ಎಲೆ. ಹುಣಸೆ ಎಲೆ. ಪಕ್ಕದ ಹೊಲದಲ್ಲಿ ಉಳುಮೆ ಮಾಡಿದರೆ ಕೆಂಪು ಧೂಳು. ಮೊಮ್ಮಗನ ಚಪ್ಪಲಿ. ಚಪ್ಪಲಿ ಲೆಕ್ಕಕ್ಕಿಲ್ಲ ಅಂತ ಮೇಷ್ಟ್ರು ತೀರ್ಪು ಕೊಟ್ಟರು.

ಮೊದಲನೆಯದು ಹೀರುವ ಮೆಷಿನ್. ಕೊಳದ ಪಂಪು ನೀರು ಎಳೆಯುತ್ತಲ್ಲ, ಆ ಬಾಯಿಗೇ ಉದ್ದದ ಪೈಪ್ ಸಿಕ್ಕಿಸಿದರೆ ಆಯಿತು. ತಳದಲ್ಲಿ ಅದರಷ್ಟಕ್ಕೆ ತೆವಳುತ್ತಾ ಕಸ ಎಳ್ಕೊಳ್ಳುತ್ತೆ. ಮೂರರಲ್ಲಿ ಬೆಲೆ ಕಡಿಮೆ ಇದಕ್ಕೇ. "ದಕ್ಷಿಣ ಆಫ್ರಿಕಾದಲ್ಲಿ ಫರ್ಡಿನೆಂಡ್ ಶೋವಿಯೇ ಅನ್ನೋ ಎಂಜಿನಿಯರ್ 1974ರಲ್ಲಿ ಇಂಥದ್ದೊಂದು ಮಾಡಿ 'ಕ್ರೀಪಿ ಕ್ರಾಲಿ' ಅಂತ ಹೆಸರಿಟ್ಟ" ಅಂದರು ಮೇಷ್ಟ್ರು. ಇದೆಲ್ಲ ಅವರಿಗೆ ಯಾಕೆ ಗೊತ್ತಿರುತ್ತೆ ಅಂತ ನಾವು ಕೇಳೋದು ಬಿಟ್ಟು ಬಹಳ ಕಾಲವಾಯಿತು.

"ಹೆಸರು ಏನಾದ್ರೂ ಇಡಲಿ" ಅಂದ ಮುನಿಯಪ್ಪ. "ಕಸ ಪಂಪಿನ ಬುಟ್ಟಿಗೆ ಬರುತ್ತೆ, ಧೂಳು ಮರಳಿನ ಫಿಲ್ಟರ್‌ಗೆ ಹೋಗುತ್ತೆ. ಹೊಂಗೆ ಎಲೆ ಉದುರೋ ಕಾಲದಲ್ಲಿ ಬುಟ್ಟಿ ತುಂಬಿ ನೀರು ಬರದೇ ಪಂಪು ಒಣ ಓಡಿದರೆ ಸೀಲು ಹೋಗುತ್ತೆ. ಆಮೇಲೆ ನನ್ನ ಅಂಗಡಿಗೆ ಬಾ, ಕೂತು ಮಾತಾಡೋಣ."

ಎರಡನೆಯದು ನೀರನ್ನು ಒತ್ತಡದಲ್ಲಿ ತಳ್ಳುವುದು. ಅದಕ್ಕೆ ಅದರದ್ದೇ ಚೀಲ ಇರುತ್ತೆ, ದೊಡ್ಡ ಎಲೆಗೆ ಒಳ್ಳೆಯದು. ಆದರೆ ಸುಮಾರು ಮಾಡೆಲ್‌ಗಳಿಗೆ ಒತ್ತಡ ಹೆಚ್ಚಿಸೋಕೆ ಬೇರೆ ಬೂಸ್ಟರ್ ಪಂಪು ಬೇಕು, ಬೇರೆ ಪೈಪ್ ಲೈನ್ ಬೇಕು. ನಂಜುಂಡನ ಕೊಳದಲ್ಲಿ ಆ ಲೈನ್ ಬಿಟ್ಟಿಲ್ಲ. ಟೈಲ್ಸ್ ಒಡೆಯಬೇಕು ಅಂದ ತಕ್ಷಣ ಆ ಮಾತು ಅಲ್ಲಿಗೇ ಮುಗಿಯಿತು.

ಮೂರನೆಯದು ರೋಬೋ.

"ಪಂಪು ಬೇಡ, ಪೈಪು ಬೇಡ" ಅಂತ ನಂಜುಂಡನ ಮುಖ ಅರಳಿತು. "ಗೋಡೆ ಹತ್ತುತ್ತಂತೆ! ಬ್ರಷ್‌ನಲ್ಲಿ ಉಜ್ಜುತ್ತಂತೆ! ಕಸ ಅದರ ಹೊಟ್ಟೆಯಲ್ಲಿರೋ ಬುಟ್ಟಿಯಲ್ಲೇ ಇರುತ್ತಂತೆ!"

"ನೀರಿಗೆ ಕರೆಂಟ್ ಬಿಡ್ತೀಯಾ?" ಅಂದೆ ನಾನು.

ಮುನಿಯಪ್ಪ ನನ್ನ ಕಡೆ ಕನಿಕರದಿಂದ ನೋಡಿದ. "ದಡದ ಮೇಲೆ ಟ್ರಾನ್ಸ್‌ಫಾರ್ಮರ್ ಡಬ್ಬ ಇಡ್ತಾರೆ ಕಣಪ್ಪಾ. 230 ವೋಲ್ಟ್ ಅಲ್ಲೇ ನಿಲ್ಲುತ್ತೆ, ಕೊಳಕ್ಕೆ ಇಳಿಯೋದು 24ರ ಆಸುಪಾಸು. ಡಬ್ಬ ಮಾತ್ರ ನೀರಿಂದ ದೂರ ಇರಬೇಕು. ಅದು ಓಡ್ತಿರೋವಾಗ ಯಾರೂ ಇಳಿಯಬಾರದು. ಕೆಲಸ ಮುಗಿದ ಮೇಲೆ ಎತ್ತಿ ನೆರಳಲ್ಲಿಡು, ಬುಟ್ಟಿ ತೊಳಿ. ನಿಮ್ಮ ಕೆಂಪು ಧೂಳಿಗೆ ಸಣ್ಣ ಕಣ್ಣಿನ ಫಿಲ್ಟರ್ ಬೇಕು, ಇಲ್ಲದಿದ್ರೆ ಹಿಂದಿನಿಂದ ಹೋಗಿಬಿಡುತ್ತೆ."

"ಹಸಿರು ಪಾಚಿ?"

"ಅದು ಯಾವ ಮೆಷಿನ್‌ಗೂ ಜಗ್ಗಲ್ಲ" ಅಂದರು ಮೇಷ್ಟ್ರು. "ಕ್ಲೋರಿನ್ 1ರಿಂದ 3 ಪಿಪಿಎಂ, ಅಂದ್ರೆ ಲೀಟರ್‌ಗೆ ಅಷ್ಟು ಮಿಲಿಗ್ರಾಂ ಇರಬೇಕು. ನೀರಿನ ಹುಳಿ-ಕ್ಷಾರ ಅಳೆಯೋ ಪಿಎಚ್ 7.2ರಿಂದ 7.8. ಅದು ತಪ್ಪಿದರೆ ಲಕ್ಷದ ರೋಬೋನೂ ಪಾಚಿ ಮೇಲೆ ಜಾರಾಟ ಆಡ್ತಾ ಇರುತ್ತೆ."

ಅಂಗಡಿಯವನು ಬೆಲೆ ಹೇಳಿದ್ದ, ಬಣ್ಣ ಹೇಳಿದ್ದ, ವಾರಂಟಿ ಹೇಳಿದ್ದ. ನೀರಿನ ಖರ್ಚು ಮಾತ್ರ ಹೇಳಿರಲಿಲ್ಲ. ನನಗೆ ಕೇಳಿದರೆ ಕೋಲಾರದಲ್ಲಿ ಮೊದಲು ನೋಡಬೇಕಾದದ್ದೇ ಅದು. ಹೀರುವ ಮೆಷಿನ್ ಧೂಳನ್ನೆಲ್ಲ ಮರಳಿನ ಫಿಲ್ಟರ್‌ಗೆ ತುಂಬುತ್ತೆ. ಫಿಲ್ಟರ್ ಕಟ್ಟಿಕೊಂಡರೆ ನೀರು ಉಲ್ಟಾ ಬಿಟ್ಟು ಬ್ಯಾಕ್‌ವಾಶ್ ಮಾಡಬೇಕು. ಗಂಟೆಗೆ 10,000 ಲೀಟರ್ ತಳ್ಳುವ ಪಂಪು ಮೂರು ನಿಮಿಷ ಓಡಿದರೆ 500 ಲೀಟರ್ ಮೋರಿಗೆ. ರೋಬೋ ಆದರೆ ಕಸ ಬುಟ್ಟಿಯಲ್ಲೇ ನಿಲ್ಲುತ್ತೆ, ಬ್ಯಾಕ್‌ವಾಶ್ ಕಡಿಮೆಯಾಗುತ್ತೆ.

"ಮೋರಿಗೆ ಎಲ್ಲಿ ಬಿಡ್ತಾರೆ ನಮ್ಮಮ್ಮ!" ಅಂದ ನಂಜುಂಡ. "ಬ್ಯಾಕ್‌ವಾಶ್ ಅಂದ್ರೆ ಸಾಕು, ಪೈಪ್ ತುದಿಗೆ ಬಿಂದಿಗೆ ಹಿಡ್ಕೊಂಡು ನಿಲ್ತಾರೆ. ಎಲ್ಲ ಕರಿಬೇವಿಗೆ."

"ಬೇಡ ಅನ್ನು. ಕ್ಲೋರಿನ್ ಇರುತ್ತೆ. ತೊಟ್ಟಿಯಲ್ಲಿ ಕೆಲವು ದಿನ ಬಿಸಿಲಿಗೆ ಬಿಟ್ಟು ಆಮೇಲೆ ಹಾಕಲಿ."

"ಅಮ್ಮನಿಗೆ 'ಬೇಡ' ಅಂತ ನೀವೇ ಬಂದು ಹೇಳಿ ಮೇಷ್ಟ್ರೇ."

ಮೇಷ್ಟ್ರು ಟೀ ಕುಡಿದರು.

ರೋಬೋನೇ ಸರಿ ಅಂತ ತೀರ್ಮಾನವಾಯಿತು. ನಂಜುಂಡ ಸ್ಪೀಕರ್ ಹಾಕಿ ಅಂಗಡಿಗೆ ಫೋನ್ ಮಾಡಿದ. ಒಂದು ಲಕ್ಷದ ಹತ್ತು ಸಾವಿರ ಅಂದ ಆ ಕಡೆಯವನು.

"ಆಗಿನ ರೇಟಲ್ಲಿ 55 ಬಾಕ್ಸು. ಇವತ್ತು ಬಾಕ್ಸು 200ಕ್ಕೆ ಹೋಯ್ತು. 550 ಬಾಕ್ಸ್ ಆಯ್ತಲ್ಲಪ್ಪಾ!"

"ಸರ್, ಒಂದೇ ಬಾಕ್ಸ್ ಬರೋದು ಸರ್. ಮೆಷಿನ್, ವೈರು, ಎಲ್ಲ ಅದರಲ್ಲೇ ಇರುತ್ತೆ."

ಫೋನ್ ಇಟ್ಟ ಮೇಲೆ ಮುನಿಯಪ್ಪ ಹೊಸ ದಾರಿ ಹೇಳಿದ. ಸಸಿಗೆ ಕಟ್ಟೋ ಶೇಡ್ ನೆಟ್ ಮನೆಯಲ್ಲಿ ಬಿದ್ದಿದೆಯಲ್ಲ, ಅದನ್ನು ಬಿಗಿಯಾಗಿ ಕೊಳದ ಮೇಲೆ ಎಳೆದು ಕಟ್ಟು. ಎಲೆ ಬೀಳಲ್ಲ, ನೀರು ಆರೋದೂ ಕಡಿಮೆ. ಅದರ ಮೇಲೆ ಮಕ್ಕಳು ಕಾಲಿಡದ ಹಾಗೆ ಸುತ್ತ ಬೇಲಿ ಮಾತ್ರ ಇರಲೇಬೇಕು. ಟೊಮೆಟೊಗೆ ರೇಟು ಬರೋವರೆಗೆ ಉದ್ದದ ಕೋಲು, ಬಲೆ, ಕೈಯಲ್ಲಿ ತಳ್ಳೋ ವ್ಯಾಕ್ಯೂಮ್ ತಲೆ.

"ಅದನ್ನ ತಳ್ಳೋಕೆ ಭಾನುವಾರ ಯಾರು ಬರ್ತೀರಾ?" ಅಂದ ನಂಜುಂಡ.

ಮುನಿಯಪ್ಪನಿಗೆ ಅರ್ಜೆಂಟ್ ಮೋಟರೊಂದು ನೆನಪಾಯಿತು. ಮೇಷ್ಟ್ರಿಗೆ ಮೊಣಕಾಲು ಹಿಡಿಯಿತು. ನನಗೆ ಮುಳಬಾಗಿಲಲ್ಲಿ ಮದುವೆ ಇತ್ತು. ಯಾರದು ಅಂತ ನಂಜುಂಡ ಕೇಳಿದ. ತಕ್ಷಣಕ್ಕೆ ಹೊಳೆಯಲಿಲ್ಲ.