ಅಪ್‌ಡೇಟ್: 1972ರ ಶೆವೆಲ್, ಗೇರ್ ಲೇಟಾಗಿ ಬೀಳ್ತಿದ್ದಿದ್ದು ಸರಿಹೋಯ್ತು

ಹೋದ ತಿಂಗಳು ಕೇಳಿದ್ನಲ್ಲ, ನನ್ನ ಶೆವರ್ಲೆ ಶೆವೆಲ್, 350 ವಿ8 ಎಂಜಿನ್, ಟರ್ಬೊ ಹೈಡ್ರಾಮ್ಯಾಟಿಕ್ 350 ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಗೇರ್ ತುಂಬಾ ಲೇಟಾಗಿ ಧಡ್ ಅಂತ ಬೀಳತ್ತೆ, ಹಿಂದೆ ಬಿಳಿ ಹೊಗೆ, ಗೇರ್‌ಬಾಕ್ಸ್ ಆಯಿಲ್ ಕಮ್ಮಿ ಆಗ್ತಾನೇ ಇದೆ ಆದ್ರೆ ನೆಲದ ಮೇಲೆ ಒಂದು ಹನಿನೂ ಇಲ್ಲ ಅಂತ. ಇಲ್ಲಿ ಒಬ್ರು ಮೆಕ್ಯಾನಿಕ್ ಪೂರ್ತಿ ಬಿಚ್ಚಿ ಕಟ್ಟಬೇಕು ಅಂದಿದ್ರು. ಬೇಕಾಗ್ಲೇ ಇಲ್ಲ!

ನಿಮ್ಮಲ್ಲಿ ಒಬ್ರು ವ್ಯಾಕ್ಯೂಮ್ ಮಾಡ್ಯುಲೇಟರ್ (ಎಂಜಿನ್ನಿನ ಹೀರೋ ಸೆಳೆತಕ್ಕೆ, ಅಂದ್ರೆ ವ್ಯಾಕ್ಯೂಮ್‌ಗೆ, ತಕ್ಕಂತೆ ಗೇರ್‌ಬಾಕ್ಸ್ ಪ್ರೆಷರ್ ಹೊಂದಿಸೋ ಭಾಗ) ನೋಡಿ ಅಂದಿದ್ರಿ, ಹಾಳಾಗಿದ್ದು ಅದೇ. ಶನಿವಾರ ಕಾರ್ ಎತ್ತಿ ಸ್ಟ್ಯಾಂಡ್ ಕೊಟ್ಟು, ಗೇರ್‌ಬಾಕ್ಸಿನ ಬಲಗಡೆ ಹಿಂದೆ ಇರೋ ಆ ಪುಟ್ಟ ಡಬ್ಬಿಯಿಂದ ರಬ್ಬರ್ ಪೈಪ್ ಎಳೆದ್ರೆ ಕೆಂಪು ಆಯಿಲ್ ಬೆರಳ ಮೇಲೆ ಇಳೀತು. ಒಳಗಿನ ಡಯಾಫ್ರಮ್ (ತೆಳು ಪೊರೆ) ಹರಿದಿತ್ತು, ಎಂಜಿನ್ ಆ ಪೈಪಲ್ಲೇ ಆಯಿಲ್ ಹೀರಿ ಸುಡ್ತಿತ್ತು, ಇತ್ತ ವ್ಯಾಕ್ಯೂಮ್ ಸಿಗದೆ ಗೇರ್‌ಬಾಕ್ಸು ಆಕ್ಸಿಲರೇಟರ್ ಪೂರ್ತಿ ಒತ್ತಿದಾರೆ ಅಂದ್ಕೊಂಡು ಪ್ರೆಷರ್ ಏರಿಸ್ತಿತ್ತು. ಒಂದೇ ಬೋಲ್ಟ್, ಒಂದು ಕ್ಲಾಂಪ್, ಹೊಸದು ಹಾಕಿ ಪೈಪೂ ಬದಲಾಯಿಸ್ದೆ. ಉಳಿದ ಆಯಿಲ್ ಸುಟ್ಟು ಹೋಗೋ ತನಕ ಹೊಗೆ ಬಂತು, ಗಾಬರಿ ಆಗ್ಬೇಡಿ.

ಇನ್ನೊಂದು, ಈ ಎಂಜಿನ್‌ಗೆ 165 ಹಾರ್ಸ್‌ಪವರ್ ಅಷ್ಟೇನಾ ಅಂತ ಬೇಜಾರು ಮಾಡ್ಕೊಂಡಿದ್ದೆ. 1971ರಲ್ಲಿ ಇದೇ ಎರಡು ಬ್ಯಾರೆಲ್ ಕಾರ್ಬ್ಯುರೇಟರ್ ಎಂಜಿನ್‌ಗೆ 245 ಅಂತ ಬರೀತಿದ್ರು, 1972ರಿಂದ ಫ್ಯಾನು, ಎಕ್ಸಾಸ್ಟ್ ಎಲ್ಲ ಸೇರಿಸಿ ಅಳೆದಿದ್ದಕ್ಕೆ ಅಂಕಿ ಇಳಿದಿದ್ದು, ಎಂಜಿನ್ ಅದೇ. ಈಗ ಎರಡನೇ ಗೇರಿಂದ ಮೂರಕ್ಕೆ ಎಷ್ಟು ಮೆತ್ತಗೆ ಹೋಗತ್ತೆ ಅಂದ್ರೆ ಡ್ಯಾಶ್ ಮೇಲಿಟ್ಟ ಕೂಲಿಂಗ್ ಗ್ಲಾಸ್ ಅಲ್ಲಾಡಲ್ಲ. ಕಿಕ್‌ಡೌನ್ ಕೇಬಲ್ (ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕೆಳಗಿನ ಗೇರಿಗೆ ಇಳಿಸೋದು) ಸ್ವಲ್ಪ ಸಡಿಲ ಇದೆ, ಮುಂದಿನ ಭಾನುವಾರ ಅದು. ತುಂಬಾ ಥ್ಯಾಂಕ್ಸ್ ಎಲ್ರಿಗೂ.